ಬೋರ್ಡಿಗಿಂತ ಮೊದಲು ವಿಳಾಸ

1994ರಲ್ಲಿ ಅಮೆರಿಕದ ಪತ್ರಕರ್ತ ಜೋಶುವಾ ಕ್ವಿಟ್ನರ್ ‘ಮೆಕ್‌ಡೊನಾಲ್ಡ್ಸ್ ಡಾಟ್ ಕಾಮ್’ ಎಂಬ ಇಂಟರ್‌ನೆಟ್ ವಿಳಾಸವನ್ನು ತಮ್ಮ ಹೆಸರಿಗೆ ನೋಂದಾಯಿಸಿಕೊಂಡರು. ಬರ್ಗರ್ ಮಾರುವ ಆ ದೊಡ್ಡ ಕಂಪನಿ ಅಲ್ಲಿಯವರೆಗೆ ಅದರ ಗೊಡವೆಗೇ ಹೋಗಿರಲಿಲ್ಲ. ಕೊನೆಗೆ ನ್ಯೂಯಾರ್ಕಿನ ಸರ್ಕಾರಿ ಶಾಲೆಯೊಂದರ ಕಂಪ್ಯೂಟರ್ ಸೌಲಭ್ಯಕ್ಕೆ 3,500 ಡಾಲರ್ ಕೊಟ್ಟು ತನ್ನ ಹೆಸರನ್ನು ತಾನೇ ಬಿಡಿಸಿಕೊಂಡಿತು!

ಮೊದಲು ಬಂದವರಿಗೇ ಹೆಸರು ಎಂಬ ನಿಯಮದ ತೊಡಕು ಇದು. ಆದ್ದರಿಂದಲೇ ಮುಂದೆ, ಹೊಸ ಬಗೆಯ ವಿಳಾಸಗಳನ್ನು ಎಲ್ಲರಿಗೂ ಕೊಡುವ ಮುನ್ನ ಟ್ರೇಡ್‌ಮಾರ್ಕ್ ಉಳ್ಳವರಿಗೆ ಕೆಲವು ದಿನ ಮೀಸಲಿಡುವ ಪದ್ಧತಿ ಬಂತು. ಇದೇ ‘ಸನ್‌ರೈಸ್’ ಅವಧಿ. 2005ರಲ್ಲಿ ನಮ್ಮ ‘ಡಾಟ್ ಇನ್’ ಎಲ್ಲರಿಗೂ ಮುಕ್ತವಾಗುವ ಮುನ್ನ, ಜನವರಿಯಲ್ಲಿ ಹೀಗೆಯೇ ಅವಕಾಶ ನೀಡಲಾಗಿತ್ತು.

ಟ್ರೇಡ್‌ಮಾರ್ಕ್ ಇಲ್ಲದವರಿಗೆ ಈ ಮೀಸಲಾತಿ ಇಲ್ಲ. ವಿದ್ಯಾರ್ಥಿಗಳೇ, ನಾಳೆ ನೀವು ಸಣ್ಣದೊಂದು ಉದ್ಯಮ ತೆರೆದರೂ ಬೋರ್ಡು ಬರೆಸುವ ಮೊದಲು ವಿಳಾಸ ನೋಂದಾಯಿಸಿಕೊಳ್ಳಿ.