ಕ್ಲಚ್ಚಿನ ಕೊಳವೆ ಕಲಿಸುವ ಪಾಠ

ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟವರಿಗೆ ಊರು ದಾಟಿದ ಸ್ವಲ್ಪ ಹೊತ್ತಿಗೆ ತ್ಯಾವರೆಕೊಪ್ಪ ಸಿಗುತ್ತದೆ. ಅಲ್ಲಿನ ಹುಲಿಗಳನ್ನೂ ಸಿಂಹಗಳನ್ನೂ ನೋಡಲು ಶಾಲೆಯ ಮಕ್ಕಳು ಬಸ್ಸುಗಳಲ್ಲಿ ಬರುವುದನ್ನು ವಾಚಕರು ಕಂಡೇ ಇರುವರು. ಕಳೆದ ಮಳೆಗಾಲದ ಕೊನೆಯಲ್ಲಿ ಆ ರಸ್ತೆಯ ಬದಿಯಲ್ಲಿ ನಿಂತಿದ್ದ ಹಳೆಯ ಕಾರೊಂದು ಹುಲಿಗಿಂತ ಹೆಚ್ಚಾಗಿ ನಮ್ಮ ಗಮನವನ್ನು ಸೆಳೆಯಿತು. ಅದು ಕಾರ್ಮನ್ ಗಿಯಾ ಎಂಬ ಜರ್ಮನ್ ಕಾರು. ಇಟಲಿಯ ಗಿಯಾ ಸಂಸ್ಥೆಯವರು ರೂಪಿಸಿ, ಜರ್ಮನಿಯ ಕಾರ್ಮನ್ ಕಾರ್ಖಾನೆಯವರು 1955ರಿಂದ 1974ರವರೆಗೆ ಕಟ್ಟಿದ ವಾಹನವಿದು. ಮೈ ಪಂದ್ಯದ ಕಾರಿನದು. ಒಳಗಿರುವ ಯಂತ್ರ, ತಳಹದಿಗಳು ಮಾತ್ರ ವೋಕ್ಸ್‌ವಾಗನ್ ಬೀಟಲ್ ಕಾರಿನವು. ಜೋಗವನ್ನು ನೋಡಲು ಹೊರಟಿದ್ದ ಅದರ ಒಡೆಯರು ತಲೆಗೆ ಕೈಹೊತ್ತು ಕುಳಿತಿದ್ದರು.

ಕಾರಿಗೆ ಬಂದಿದ್ದ ರೋಗ ಇಷ್ಟೇ: ಕ್ಲಚ್ಚಿನ ಪೆಡಲನ್ನು ನೆಲಮುಟ್ಟ ಒತ್ತಿದರೂ ಗೇರು ಬೀಳುತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಬೇರೊಂದು ಊರಿನ ಗ್ಯಾರೇಜಿನಲ್ಲಿ ಇದೇ ದೂರಿಗೆ ಹೊಸ ಕೇಬಲ್ ಹಾಕಿಸಿದ್ದರಂತೆ. ಮೂರು ವಾರ ಸರಿಯಾಗಿದ್ದು ಮತ್ತೆ ಕೆಟ್ಟಾಗ ಕೇಬಲ್ಲನ್ನು ಇನ್ನಷ್ಟು ಬಿಗಿ ಮಾಡಿಸಿದರಂತೆ. ಈಗ ಬಿಗಿ ಮಾಡಲು ತಿರುಪಿನಲ್ಲಿ ಸುತ್ತುಗಳೇ ಉಳಿದಿರಲಿಲ್ಲ. ಶಿವಮೊಗ್ಗದಿಂದ ಬಂದ ಹಿರಿಯ ಮೆಕ್ಯಾನಿಕರೊಬ್ಬರು ಕಾರಿನ ಹಿಂಭಾಗದ ಅಡಿಯಲ್ಲಿ ಮಲಗಿ, ಒಡೆಯರಿಂದ ಪೆಡಲನ್ನು ನಾಲ್ಕಾರು ಸಲ ಒತ್ತಿಸಿದರು. ಆಮೇಲೆ ಎದ್ದು ಕೈ ಒರೆಸಿಕೊಳ್ಳುತ್ತ, "ಕೇಬಲ್ಲಿನದೇನೂ ತಪ್ಪಿಲ್ಲ ಸ್ವಾಮಿ, ಅದಕ್ಕೆ ಆಸರೆ ಕೊಟ್ಟಿದ್ದವನು ಕೈಬಿಟ್ಟಿದ್ದಾನೆ" ಎಂದರು.

ಈ ಒಂದು ಮಾತಿನಲ್ಲಿ ಬಲವಿಜ್ಞಾನದ ಒಂದು ಅಧ್ಯಾಯವೇ ಅಡಗಿದೆ. ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಕಂಠಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆತುಬಿಡುವ ಅಧ್ಯಾಯವದು.

ಈ ಕಾರಿನ ಎಂಜಿನ್ ಹಿಂದುಗಡೆ ಇದೆ. ಚಾಲಕನ ಕಾಲು ಇರುವುದು ಮುಂದುಗಡೆ. ಆದುದರಿಂದ ಪೆಡಲಿನ ಎಳೆತವು ಕಾರಿನ ಬೆನ್ನುಮೂಳೆಯಂತಿರುವ ಉಕ್ಕಿನ ಸುರಂಗದೊಳಗೆ ಹಾದು ಹಿಂದಕ್ಕೆ ತಲುಪಬೇಕು. ಸುರಂಗದೊಳಗೆ ಉಕ್ಕಿನ ಸಣ್ಣ ಕೊಳವೆಯೊಂದನ್ನು ಬೆಸೆದಿರುತ್ತಾರೆ. ಅದರ ಹಿಂತುದಿಯಿಂದ ಗೇರ್ ಪೆಟ್ಟಿಗೆಯವರೆಗೆ ಬಾಗಬಲ್ಲ ಹೊರಕವಚವೊಂದಿದೆ. ಎರಡರ ಒಳಗೂ ಕೇಬಲ್ ಓಡುತ್ತದೆ. ಬಾಗುವ ಕವಚದೊಳಗೆ ತಂತಿ ಓಡಿಸುವ ಈ ಏರ್ಪಾಟಿಗೆ ಬೌಡನ್ ಕೇಬಲ್ ಎಂದು ಹೆಸರು. ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ ಎಂಬಾತನು 1896ರಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ಪೇಟೆಂಟ್ ಕೋರಿದನು. ನಮ್ಮ ಸೈಕಲ್ಲಿನ ಬ್ರೇಕಿನಲ್ಲಿಯೂ ಮೋಟಾರ್ ಸೈಕಲ್ಲಿನ ಕ್ಲಚ್ಚಿನಲ್ಲಿಯೂ ಇರುವುದು ಇದೇ.

ತಂತಿಯು ಎಳೆಯುತ್ತದೆಂಬುದು ಎಲ್ಲರಿಗೂ ಗೊತ್ತು. ಕವಚವು ಏನು ಮಾಡುತ್ತದೆಂದು ಕೇಳಿದರೆ, ಧೂಳಿನಿಂದ ತಂತಿಯನ್ನು ಕಾಪಾಡುತ್ತದೆಂದು ಬಹುಮಂದಿ ಉತ್ತರಿಸುವರು. ಇದು ಅರೆ ಸತ್ಯ. ಒಂದು ಮೊಳ ರಬ್ಬರ್ ನಳಿಗೆಯೊಳಗೆ ದಾರ ಪೋಣಿಸಿ, ನಳಿಗೆಯನ್ನು ಮೇಜಿನ ಮೇಲೆ ಬಿಲ್ಲಿನಂತೆ ಬಾಗಿಸಿ, ದಾರದ ಒಂದು ತುದಿಗೆ ಪುಸ್ತಕವನ್ನು ಕಟ್ಟಿರಿ. ಈಗ ಇನ್ನೊಂದು ತುದಿಯನ್ನು ಎಳೆಯಿರಿ. ನಳಿಗೆಯ ಎರಡೂ ತುದಿಗಳನ್ನು ಗೆಳೆಯರು ಭದ್ರವಾಗಿ ಹಿಡಿದಿದ್ದರೆ ಪುಸ್ತಕ ಜರುಗುತ್ತದೆ. ಕೈ ಸಡಿಲಿಸಿದರೆ ನಳಿಗೆಯೇ ನೆಟ್ಟಗಾಗಿ, ಕುಗ್ಗಿ, ನಿಮ್ಮ ಎಳೆತವನ್ನು ನುಂಗಿಹಾಕುತ್ತದೆ. ತಂತಿಯನ್ನು ಎಷ್ಟು ಬಲದಿಂದ ಎಳೆಯುವೆವೋ ಕವಚವು ಹೆಚ್ಚುಕಡಿಮೆ ಅಷ್ಟೇ ಬಲದಿಂದ ಒತ್ತಲ್ಪಡುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಕ್ರಿಯೆಯಿದ್ದಲ್ಲಿ ಪ್ರತಿಕ್ರಿಯೆ ಇರಲೇಬೇಕು. ಕಾರಿನಲ್ಲಿ ಆ ಪ್ರತಿಕ್ರಿಯೆಯನ್ನು ಹೊರುವ ಆಳು ಸುರಂಗದೊಳಗಿನ ಕೊಳವೆ. ಕೊಳವೆಯನ್ನು ಹಿಡಿದಿರುವುದು ಬೆಸುಗೆ.

ಆ ಬೆಸುಗೆ ಬಿಟ್ಟುಹೋದರೆ ಆಗುವುದೇನು? ಪೆಡಲು ಕೇಬಲ್ಲನ್ನು 20 ಮಿಲಿಮೀಟರ್ ಎಳೆಯುವುದೆಂದೂ, ಸಡಿಲವಾದ ಕೊಳವೆಯು ಕವಚದ ಒತ್ತಿಗೆ ಸೋತು 8 ಮಿಲಿಮೀಟರ್ ಮುಂದಕ್ಕೆ ಸರಿಯುವುದೆಂದೂ ಭಾವಿಸೋಣ. ಕ್ಲಚ್ಚಿಗೆ ದೊರೆಯುವುದು 12 ಮಿಲಿಮೀಟರ್ ಮಾತ್ರ. ಹೊಸ ಕೇಬಲ್ ಹಾಕಿದರೂ ಈ ಲೆಕ್ಕ ಬದಲಾಗದು. ಬಿಗಿ ಮಾಡಿದರೆ ಕೆಲವು ದಿನ ನಷ್ಟ ತುಂಬಿದಂತೆ ತೋರುವುದು. ಆದರೆ ಪೆಡಲಿನ ಸಡಿಲಾಟವೆಲ್ಲ ಹೋಗಿ ಕ್ಲಚ್ಚಿನ ಬೇರಿಂಗು ಸದಾ ತೇಯುತ್ತಿರುವುದು, ಮಿಕ್ಕಿರುವ ಬೆಸುಗೆಗಳೂ ಬಳಲುವುವು. ಹಿರಿಯ ಮೆಕ್ಯಾನಿಕರು ಅಡಿಯಲ್ಲಿ ಮಲಗಿ ನೋಡಿದುದು ಕೊಳವೆಯ ಹಿಂತುದಿಯನ್ನು. ಪೆಡಲನ್ನು ಒತ್ತಿದಾಗಲೆಲ್ಲ ಅದು ಅಲುಗುತ್ತಿತ್ತು. ಅಲುಗಬಾರದುದು ಅಲುಗುತ್ತಿದೆ ಎಂಬುದನ್ನು ಕಂಡ ಮೇಲೆ ನಿದಾನಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಬೆಸುಗೆಯಾದರೂ ಏಕೆ ಬಿಟ್ಟಿತು? ಒಂದೇ ಏಟಿಗೆ ಅದು ಮುರಿಯಲಿಲ್ಲ. ದಿನಕ್ಕೆ 200 ಸಲದಂತೆ ವರ್ಷಕ್ಕೆ 300 ದಿನ ಕ್ಲಚ್ಚನ್ನು ಒತ್ತಿದರೆ ಹತ್ತು ವರ್ಷಗಳಲ್ಲಿ ಆರು ಲಕ್ಷ ಸಲವಾಯಿತು. ಒಮ್ಮೆಗೆ ಸುಲಭವಾಗಿ ತಡೆಯಬಲ್ಲ ಭಾರವನ್ನು ಲಕ್ಷಾಂತರ ಸಲ ಹೊತ್ತರೆ ಲೋಹವು ದಣಿಯುತ್ತದೆ. 1842ರಲ್ಲಿ ವರ್ಸೇಯಿಂದ ಪ್ಯಾರಿಸ್ಸಿಗೆ ಬರುತ್ತಿದ್ದ ರೈಲಿನ ಅಚ್ಚು ಮುರಿದು ಭೀಕರ ಅಪಘಾತವಾದ ಮೇಲೆ ಈ ದಣಿವಿನ ವಿಚಾರ ತಜ್ಞರ ಮನಸ್ಸನ್ನು ಕಾಡತೊಡಗಿತು. ಅನಂತರ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ, ಅದನ್ನು ಅಳೆಯುವ ಮಾರ್ಗವನ್ನು ತೋರಿಸಿದನು. ಒಂದು ಮಿತಿಗಿಂತ ಕಡಿಮೆ ಭಾರವಿದ್ದರೆ ಉಕ್ಕು ಬಹುಕಾಲ ಬಾಳುತ್ತದೆ. ತುಕ್ಕು ಸೇರಿತೆಂದರೆ ಆ ಮಿತಿಯ ಅಭಯವೂ ಇಲ್ಲವಾಗುತ್ತದೆ. ಮಲೆನಾಡಿನ ಮಳೆ ತೇವಗಳಲ್ಲಿ ಓಡಾಡುವ ಯಂತ್ರಗಳ ಒಡೆಯರು ಇದನ್ನು ಚೆನ್ನಾಗಿ ನೆನಪಿಡಬೇಕು.

ಘರ್ಷಣೆಯೂ ಕೈಜೋಡಿಸುತ್ತದೆ. ಬಾಗಿದ ದಾರಿಯಲ್ಲಿ ತಂತಿ ಜಾರುವಾಗ ಎಳೆತವು ಹೇಗೆ ಹೆಚ್ಚಬೇಕಾಗುವುದೆಂಬುದನ್ನು ಗಣಿತಜ್ಞ ಆಯ್ಲರ್ 18ನೆಯ ಶತಮಾನದಲ್ಲಿಯೇ ಲೆಕ್ಕಹಾಕಿದ್ದನು. ಕ್ಲಚ್ಚಿನ ಸನ್ನೆಗೆ 70 ಕಿಲೋಗ್ರಾಂ ತೂಕದಷ್ಟು ಎಳೆತ ಬೇಕೆಂದೂ, ದಾರಿಯ ಒಟ್ಟು ಬಾಗು 90 ಡಿಗ್ರಿಯೆಂದೂ ಇಟ್ಟುಕೊಳ್ಳೋಣ. ಘರ್ಷಣಾಂಕವು 0.15 ಇದ್ದರೆ ಪೆಡಲಿನ ಕಡೆ ಸುಮಾರು 89 ಕಿಲೋಗ್ರಾಂ ಬೇಕು. ಗ್ರೀಸು ಒಣಗಿ, ತುಕ್ಕು ಹಿಡಿದು ಅದು 0.30ಕ್ಕೆ ಏರಿದರೆ 112 ಕಿಲೋಗ್ರಾಂ ಬೇಕಾಗುತ್ತದೆ. ಹೆಚ್ಚಾದ ಈ ಭಾರವೆಲ್ಲ ಬೀಳುವುದು ತಂತಿಯ ಮೇಲೆ, ಕೊಳವೆಯ ಮೇಲೆ, ಬೆಸುಗೆಯ ಮೇಲೆ. ಒಂದು ಚಮಚ ಗ್ರೀಸಿನ ಉಳಿತಾಯ ಕೊನೆಗೆ ಎಷ್ಟಕ್ಕೆ ಬಂದು ಮುಟ್ಟುವುದೆಂಬುದನ್ನು ವಾಚಕರೇ ಊಹಿಸಬಹುದು.

ಇನ್ನು ದುರಸ್ತಿ. ಕೊಳವೆ ಇರುವುದು ಸುರಂಗದ ಒಳಗೆ, ಕೈ ಹೋಗುವಂತಿಲ್ಲ. ಸುರಂಗದ ಮೈಯಲ್ಲಿ ಸಣ್ಣ ಕಿಟಕಿಯೊಂದನ್ನು ಕೊಯ್ಯದೆ ಗತಿಯಿಲ್ಲ. ಹಳೆಯ ಕಾರುಗಳ ಅಭಿಮಾನಿಗಳಲ್ಲಿ ಕೆಲವರು ಇದಕ್ಕೆ ಒಪ್ಪರು; ಕಾರ್ಖಾನೆಯಿಂದ ಬಂದ ಮೂಲರೂಪಕ್ಕೆ ಕೈ ಹಚ್ಚಬಾರದೆಂದು ವಾದಿಸುವರು. ಈ ವಾದದ ಹಿಂದಿರುವ ಪ್ರೀತಿಯನ್ನು ನಾವು ಗೌರವಿಸುತ್ತೇವೆ, ವಾದವನ್ನು ಒಪ್ಪಲಾರೆವು. ವೈದ್ಯನು ಹೊಟ್ಟೆಯನ್ನು ಕೊಯ್ಯುವುದು ಅಂದಗೆಡಿಸಲಿಕ್ಕಲ್ಲ. ಎಲ್ಲಿ ಬೇಕೋ ಅಲ್ಲಿ, ಎಷ್ಟು ಬೇಕೋ ಅಷ್ಟೇ ಕೊಯ್ದು, ಮುಚ್ಚುವಾಗ ಅದೇ ತಗಡನ್ನು ಬೆಸೆದು, ಮಾಡಿದ ಕೆಲಸವನ್ನು ಬರೆದಿಟ್ಟರೆ ಮುಂದಿನ ಒಡೆಯನಿಗೂ ಉಪಕಾರವೇ ಆಗುವುದು. ನಿಂತಲ್ಲೇ ನಿಂತ ಕಾರಿನಲ್ಲಿ ಉಳಿಯುವ ಮೂಲರೂಪ ಯಾರಿಗೆ ಬೇಕು?

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಅದೇ ಸುರಂಗದೊಳಗೆ ಪೆಟ್ರೋಲಿನ ನಳಿಗೆಯೂ ಹಾದುಹೋಗುತ್ತದೆ. ಪೆಟ್ರೋಲನ್ನು ಪೂರ್ತಿಯಾಗಿ ತೆಗೆದು, ಟ್ಯಾಂಕನ್ನು ಕಳಚಿ, ನಳಿಗೆಯ ಆವಿಯನ್ನು ಹೊರದೂಡಿ, ಬ್ಯಾಟರಿಯ ತಂತಿಗಳನ್ನು ಬಿಚ್ಚದೆ ಬೆಂಕಿ ಹಚ್ಚಿದರೆ ಕಾರೂ ಉಳಿಯದು, ಕೆಲಸಗಾರನೂ ಉಳಿಯನು. ಇದು ಅನುಭವಿಗಳ ಕೆಲಸ. ವಿದ್ಯಾರ್ಥಿಗಳು ನೋಡಿ ಕಲಿಯಬೇಕೇ ಹೊರತು ತಾವೇ ಕೈಯಿಡಬಾರದು. ಕೇಬಲ್ಲನ್ನು ಹೊರಗೆಳೆದು, ಕೊಳವೆಯನ್ನು ಅದರ ಮೊದಲಿನ ಸ್ಥಾನದಲ್ಲಿಯೇ ಹಿಡಿದು, ತುಕ್ಕನ್ನು ಉಜ್ಜಿ ಹೊಳಪು ಬರಿಸಿ, ಹಿತ್ತಾಳೆಯ ಬೆಸುಗೆ ಹಾಕುವುದು ಉತ್ತಮ. ಹಿತ್ತಾಳೆಯು ಸುಮಾರು 900 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದರಿಂದ, 1400 ಡಿಗ್ರಿಗೂ ಮೇಲೆ ಕರಗುವ ಉಕ್ಕಿನ ತೆಳುಕೊಳವೆಗೆ ತೂತು ಬೀಳುವ ಭಯ ಕಡಿಮೆ. ಹಳೆಯ ಬೆಸುಗೆ ಬಿಟ್ಟ ಜಾಗದಲ್ಲಿ ಅಗಲವಾದ ಪಟ್ಟಿಯನ್ನು ಸೇರಿಸಿದರೆ ಭಾರವು ಹಂಚಿಹೋಗುವುದು. ಕೊನೆಗೆ ಕೇಬಲ್ಲಿಗೆ ಗ್ರೀಸು ಸವರಿ ತೂರಿಸಿ, ಪೆಡಲಿನಲ್ಲಿ 10ರಿಂದ 20 ಮಿಲಿಮೀಟರಿನಷ್ಟು ಸಡಿಲಾಟವನ್ನು ಉಳಿಸಬೇಕು. ತ್ಯಾವರೆಕೊಪ್ಪದ ಕಾರಿಗೆ ಆದ ಚಿಕಿತ್ಸೆಯೂ ಇದೇ. ಶಿವಮೊಗ್ಗಕ್ಕೆ ಎಳೆದೊಯ್ದ ಆ ಕಾರು ಮೂರನೆಯ ದಿನ ಜೋಗದ ದಾರಿ ಹಿಡಿಯಿತು.

ಈಗಿನ ಬಹುಪಾಲು ಕಾರುಗಳಲ್ಲಿ ಕ್ಲಚ್ಚಿನ ಎಳೆತವನ್ನು ದ್ರವದ ಒತ್ತಡವೇ ಸಾಗಿಸುತ್ತದೆ. ವಿದ್ಯುತ್ ಕಾರುಗಳಲ್ಲಿ ಸಾಮಾನ್ಯವಾಗಿ ಕ್ಲಚ್ಚಿನ ಪೆಡಲೇ ಇಲ್ಲ. ಹೀಗಿರುವಾಗ ಹಳೆಯ ಕೊಳವೆಯ ಪುರಾಣವೇಕೆಂದು ಯಾರಾದರೂ ಕೇಳಬಹುದು. ಹೊಟ್ಟೆಯೊಳಗನ್ನು ನೋಡುವ ವೈದ್ಯರ ಎಂಡೋಸ್ಕೋಪನ್ನು ಬಾಗಿಸುವುದೂ, ಕೈ ಕಳೆದುಕೊಂಡವರು ಭುಜದ ಚಲನೆಯಿಂದ ಕೃತಕ ಹಸ್ತವನ್ನು ಮುಚ್ಚಿ ತೆರೆಯುವುದೂ ಇಂಥ ಕವಚದೊಳಗಿನ ತಂತಿಗಳಿಂದಲೇ. ಇಳಿಜಾರಿನಲ್ಲಿ ಶಾಲೆಗೆ ಸೈಕಲ್ ತುಳಿಯುವ ಹುಡುಗಿಯ ಪ್ರಾಣವೂ ಕವಚದ ತುದಿಯೊಂದು ತನ್ನ ಗೂಡಿನಲ್ಲಿ ಭದ್ರವಾಗಿ ಕುಳಿತಿದೆಯೇ ಎಂಬುದನ್ನು ಅವಲಂಬಿಸಿದೆ. ಬ್ರೇಕು ಹಿಡಿಯದಿದ್ದಾಗ ತಂತಿಯನ್ನಷ್ಟೇ ನೋಡಿ ಕವಚವನ್ನು ನೋಡದವನು ಆ ಹುಡುಗಿಗೆ ದ್ರೋಹವೆಸಗಿದಂತೆ.

ಇಲ್ಲಿ ನಮ್ಮ ಮುಖ್ಯ ಅಭಿಪ್ರಾಯವನ್ನು ಹೇಳಿ ಮುಗಿಸುತ್ತೇವೆ. ಕೆಟ್ಟ ಭಾಗವನ್ನು ಬದಲಾಯಿಸುವುದೇ ದುರಸ್ತಿಯೆಂಬ ಭಾವನೆ ನಮ್ಮಲ್ಲಿ ಬೇರೂರುತ್ತಿದೆ. ಏಕೆ ಕೆಟ್ಟಿತೆಂದು ಕೇಳದೆ ಬದಲಾಯಿಸಿದರೆ ಹಣವೂ ಹೋಗುತ್ತದೆ, ಅರಿವೂ ಹುಟ್ಟುವುದಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದಾಗ ಮಲೆನಾಡಿನ ಕಾಡಿನ ಇದ್ದಿಲಿನಿಂದಲೇ ಕಬ್ಬಿಣ ಕರಗಿಸಿತು. ಅಂಥ ಸೀಮೆಯ ವಿದ್ಯಾರ್ಥಿಯೊಬ್ಬನು ಲೋಹದ ದಣಿವನ್ನು ಪುಸ್ತಕದಲ್ಲಿ ಮಾತ್ರ ಓದಿ, ಮುರಿದ ಲೋಹದ ಮುಖವನ್ನು ಒಮ್ಮೆಯೂ ನೋಡದೆ ಕಾಲೇಜು ಮುಗಿಸುವುದು ವಿಷಾದದ ಸಂಗತಿ. ದಣಿದು ಮುರಿದ ಉಕ್ಕಿನ ಮುಖದಲ್ಲಿ ಬಿರುಕು ನಿಧಾನವಾಗಿ ಹರಡಿದ ಭಾಗವು ನಯವಾಗಿಯೂ, ಕೊನೆಗೆ ಒಮ್ಮೆಲೇ ಮುರಿದ ಭಾಗವು ಒರಟಾಗಿಯೂ ಇರುವುದು. ಇದನ್ನು ಕಾಣಲು ಒಂದು ಭೂತಗನ್ನಡಿ ಸಾಕು.

ಪ್ರತಿಯೊಂದು ಪ್ರೌಢಶಾಲೆಯ ಪ್ರಯೋಗಾಲಯದಲ್ಲಿಯೂ ಮುರಿದ ಭಾಗಗಳ ಕಪಾಟೊಂದಿರಲಿ. ಊರಿನ ಗ್ಯಾರೇಜುಗಳಲ್ಲಿ ಅಂಥವು ಬೇಕಾದಷ್ಟು ಸಿಗುತ್ತವೆ. ಒಂದೊಂದರ ಪಕ್ಕದಲ್ಲಿಯೂ ವಿದ್ಯಾರ್ಥಿಯು ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಡಲಿ: ಬಲವು ಎಲ್ಲಿಂದ ಬಂತು? ಎಲ್ಲಿಗೆ ಹೋಗಬೇಕಾಗಿತ್ತು? ದಾರಿಯಲ್ಲಿ ಅದನ್ನು ಯಾರು ಹೊರಬೇಕಾಗಿತ್ತು? ವರ್ಷಕ್ಕೊಮ್ಮೆ ಊರಿನ ಹಿರಿಯ ಮೆಕ್ಯಾನಿಕರೊಬ್ಬರನ್ನು ಅತಿಥಿಗಳಾಗಿ ಕರೆದು, ಆ ಉತ್ತರಗಳನ್ನು ಅವರ ಕೈಯಲ್ಲಿ ತಿದ್ದಿಸಲಿ. ಸೂತ್ರವನ್ನು ಬಲ್ಲ ಅಧ್ಯಾಪಕರೂ ಕಾರಿನಡಿ ಮಲಗಿ ನೋಡಬಲ್ಲ ಕೆಲಸಗಾರರೂ ಒಂದೇ ಮೇಜಿನ ಮುಂದೆ ಕುಳಿತ ದಿನ ನಮ್ಮ ಮಕ್ಕಳಿಗೆ ವಿಜ್ಞಾನದ ರುಚಿ ಹತ್ತುವುದರಲ್ಲಿ ನಮಗೆ ಸಂದೇಹವಿಲ್ಲ.