ಮೈಸೂರಿನ ದುಡ್ಡು, ಫುರ್ಟ್‌ವೆಂಗ್ಲರ್ ಕೋಲು
ಜರ್ಮನಿಯ ಸಂಗೀತ ಸಂಚಾಲಕ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ವಾದ್ಯವೃಂದದ ಎದುರು ನಿಂತು ಕೋಲೆತ್ತಿದರೆ ಅದರ ತುದಿ ಗಡಗಡ ನಡುಗುತ್ತಿತ್ತಂತೆ. ಯಾವ ಕ್ಷಣಕ್ಕೆ ಕಮಾನು ಎಳೆಯಬೇಕೆಂಬುದು ಹೊಸ ವಾದಕರಿಗೆ ದೊಡ್ಡ ತಲೆನೋವು. ಆದರೂ ಎಲ್ಲರೂ ಹೇಗೋ ಒಟ್ಟಿಗೆ ಶುರು ಮಾಡುತ್ತಿದ್ದರು. 1922ರಲ್ಲೇ ಬರ್ಲಿನ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಚುಕ್ಕಾಣಿ ಹಿಡಿದ ಈತ ಹಿಟ್ಲರನ ಕಾಲದಲ್ಲೂ ಜರ್ಮನಿ ಬಿಡಲಿಲ್ಲ. ಯಹೂದಿ ಕಲಾವಿದರಿಗೆ ನೆರವಾದದ್ದು ನಿಜ, ನಾಜಿಗಳೆದುರು ನುಡಿಸಿದ್ದೂ ನಿಜ. ಯುದ್ಧದ ನಂತರ ವಿಚಾರಣೆ ಎದುರಿಸಿ, ಖುಲಾಸೆಯಾಗಿ, 1947ರಲ್ಲಿ ಮತ್ತೆ ವೇದಿಕೆ ಹತ್ತಿದ. ನಮಗೆ ಹತ್ತಿರದ ಸಂಗತಿ ಆಮೇಲಿನದು. ಸಂಗೀತ ಸಂಯೋಜಕ ರಿಚರ್ಡ್ ಸ್ಟ್ರೌಸ್ ಬರೆದಿಟ್ಟು ಹೋದ ‘ನಾಲ್ಕು ಕೊನೆಯ ಗೀತೆಗಳು’ 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿಬಂದವು. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದ್ದು ಫುರ್ಟ್‌ವೆಂಗ್ಲರ್, ದುಡ್ಡಿನ ಭರವಸೆ ಕೊಟ್ಟದ್ದು ಮೈಸೂರಿನ ಜಯಚಾಮರಾಜ ಒಡೆಯರ್! ಕೃತಿ ರಚಿಸುವ, ಪಿಯಾನೋ ಕಲಿತ ಮಹಾರಾಜರಿಗೆ ಆ ಕಛೇರಿಯ ಧ್ವನಿಮುದ್ರಣ ಅರಮನೆಯ ಸಂಗ್ರಹಕ್ಕೆ ಬೇಕಿತ್ತು. ಆ ಮುದ್ರಣ ಈಗಲೂ ಉಳಿದಿದೆ. ಅದನ್ನು ಮಹಾರಾಷ್ಟ್ರದ ಬಾರಾಮತಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಸದ್ದಿನ ನಡುವೆ ಮೊಬೈಲಿನಲ್ಲಿ ಕೇಳಿದೆ: ರೆಕಾರ್ಡ್ ತಟ್ಟೆಯ ಕರಕರ ಶಬ್ದವೇ ಮುಂದೆ, ವಾದ್ಯಗಳು ಎಲ್ಲೋ ಹಿಂದೆ, ಫ್ಲಾಗ್‌ಸ್ಟಾಡ್ ದನಿ ಮಾತ್ರ ಎಲ್ಲವನ್ನೂ ಸೀಳಿಕೊಂಡು ಬರುತ್ತದೆ. 1954ರಲ್ಲಿ ಫುರ್ಟ್‌ವೆಂಗ್ಲರ್ ತೀರಿಕೊಂಡ ಮೇಲೆ ಬರ್ಲಿನ್ ಗಾದಿ ಹೋದದ್ದು ಆತನಿಗೆ ಕಂಡರಾಗದ ಮತ್ತೊಬ್ಬ ಸಂಚಾಲಕ ಕರಾಯನ್‌ಗೆ. ಆ ಕರಾಯನ್ ಲಂಡನ್ನಿನಲ್ಲಿ ನಡೆಸುತ್ತಿದ್ದ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೂ ಆರಂಭದ ವರ್ಷಗಳಲ್ಲಿ ಮೈಸೂರಿನ ದುಡ್ಡೇ ಆಸರೆಯಾಗಿತ್ತು.