ಮಧುಮೇಹಿ ಮಗುವಿಗೆ ಶಾಲೆಯಲ್ಲಿ ಯಾರು ಹೊಣೆ?

ಮಧುಮೇಹವೆಂದರೆ ನಡುವಯಸ್ಸು ದಾಟಿದವರ ಕಾಯಿಲೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಐದಾರು ವರ್ಷದ ಮಗುವಿಗೆ ಅದು ಬಂದಿದೆಯೆಂದರೆ, ಬಸವನಗುಡಿ, ಮಲ್ಲೇಶ್ವರದ ವಿದ್ಯಾವಂತರೂ ‘ಸಿಹಿ ಹೆಚ್ಚು ತಿನ್ನಿಸಿದಿರಾ?’ ಎಂದೇ ಕೇಳುತ್ತಾರೆ. ಟೈಪ್–1 ಮಧುಮೇಹ ಸಿಹಿ ತಿನ್ನುವುದರಿಂದ ಬರುವುದಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ಉತ್ಪಾದಿಸುವ ಜೀವಕೋಶಗಳನ್ನು ನಾಶಪಡಿಸುತ್ತದೆ. ಆ ಬಳಿಕ ಬದುಕಿರುವಷ್ಟು ಕಾಲವೂ ಹೊರಗಿನಿಂದ ಇನ್ಸುಲಿನ್ ಬೇಕು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ, 20 ವರ್ಷದೊಳಗಿನ ಇಂಥವರ ಸಂಖ್ಯೆ ಭಾರತದಲ್ಲೇ ಅತಿ ಹೆಚ್ಚು, ಸುಮಾರು 2.29 ಲಕ್ಷ.

ಮನೆಯಲ್ಲಿ ಪೋಷಕರು ನಿಭಾಯಿಸುತ್ತಾರೆ. ಸಮಸ್ಯೆ ಇರುವುದು ಶಾಲೆಯ ಆರೇಳು ಗಂಟೆಗಳಲ್ಲಿ. ಊಟಕ್ಕೆ ಮುನ್ನ ರಕ್ತಪರೀಕ್ಷೆ ಆಗಬೇಕು; ಡಬ್ಬಿಯಲ್ಲಿರುವುದು ಚಿತ್ರಾನ್ನವೋ ಚಪಾತಿಯೋ, ಅದರ ಪ್ರಮಾಣಕ್ಕೆ ತಕ್ಕಂತೆ ಇನ್ಸುಲಿನ್ ಕೊಡಬೇಕು. ಆಟದ ನಂತರ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಮಗು ಬೆವರುತ್ತದೆ, ನಡುಗುತ್ತದೆ, ಮಂಕಾಗುತ್ತದೆ. ಅದನ್ನು ತೂಕಡಿಕೆಯೆಂದೋ ಹಟವೆಂದೋ ಭಾವಿಸಿದರೆ ಅಪಾಯ. ಆಗ ಬೇಕಾದುದು ತಕ್ಷಣ ಗ್ಲೂಕೋಸ್; 15 ನಿಮಿಷದ ಬಳಿಕ ಮರುಪರೀಕ್ಷೆ. ಇಷ್ಟನ್ನು ಕಲಿಯಲು ವೈದ್ಯಕೀಯ ಪದವಿ ಬೇಕಿಲ್ಲ.

ಆದರೂ ಸೂಜಿಯೆಂದೊಡನೆ ಎಷ್ಟೋ ಶಾಲೆಗಳು ಹಿಂಜರಿಯುತ್ತವೆ. ಮಧ್ಯಾಹ್ನದ ಇಂಜೆಕ್ಷನ್ನಿಗಾಗಿ ತಾಯಿ ನೌಕರಿ ಬಿಡಬೇಕಾಗುತ್ತದೆ. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಶಾಲೆಗೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಕುಟುಂಬ ಒಂದು ಇಡೀ ಸಂಬಳವನ್ನು ತೆರುತ್ತದೆ. ಚಾಮರಾಜಪೇಟೆಯ ದಿನಗೂಲಿ ತಾಯಿಗೆ ಆ ಆಯ್ಕೆಯೂ ಇಲ್ಲ. ಅಲ್ಲಿ ತಪ್ಪುವುದು ಮಗುವಿನ ಇನ್ಸುಲಿನ್.

ಸರ್ಕಾರಗಳು ಕಣ್ಣುಮುಚ್ಚಿ ಕುಳಿತಿಲ್ಲ. ಮಧುಮೇಹಿ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಗೆ ತಿನಿಸು ಒಯ್ಯಲು ಸಿಬಿಎಸ್‌ಇ 2017ರಲ್ಲಿ ಅನುಮತಿಸಿತು. ತರಗತಿಯಲ್ಲೂ ಪರೀಕ್ಷೆ, ಇಂಜೆಕ್ಷನ್, ತಿನಿಸಿಗೆ ಅವಕಾಶ ಕೊಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆಯಿತು. ಉತ್ತರ ಪ್ರದೇಶ ಅದೇ ವರ್ಷ ಶಾಲೆಗಳಿಗೆ ಸೂಚನೆ ಹೊರಡಿಸಿತು. ಆದರೆ ಇವೆಲ್ಲ ಅನುಮತಿಗಳು. ಹದಿನೈದರ ಹುಡುಗನಿಗೆ ಅನುಮತಿ ಸಾಕು. ತಾನೇ ಚುಚ್ಚಿಕೊಳ್ಳಲಾರದ ಆರು ವರ್ಷದ ಮಗುವಿಗೆ ಬೇಕಾದುದು ಇನ್ನೊಬ್ಬರ ಕರ್ತವ್ಯ. ಇಂಗ್ಲೆಂಡ್ 2014ರ ಕಾಯ್ದೆಯಲ್ಲಿ ಆ ಕರ್ತವ್ಯವನ್ನು ಶಾಲಾ ಆಡಳಿತ ಮಂಡಳಿಯ ಮೇಲೆಯೇ ಹೊರಿಸಿತು. ಆಡಳಿತದ ಅನುಭವವೂ ಇದನ್ನೇ ಹೇಳುತ್ತದೆ: ಎಲ್ಲರ ಹೊಣೆಯೆಂದದ್ದು ಯಾರ ಹೊಣೆಯೂ ಆಗುವುದಿಲ್ಲ.

ಶಿಕ್ಷಕರ ಅಂಜಿಕೆಯನ್ನು ನಿರ್ದಯತೆ ಎನ್ನಲಾಗದು. ಹೆಚ್ಚುಕಡಿಮೆಯಾದರೆ ತಾವೇ ಉತ್ತರಿಸಬೇಕಲ್ಲ ಎಂಬುದು ಅವರ ಚಿಂತೆ. ಇದಕ್ಕೆ ನಮ್ಮಲ್ಲೇ ಮಾದರಿಯಿದೆ. ಅಪಘಾತದ ಗಾಯಾಳುಗಳಿಗೆ ನೆರವಾದವರನ್ನು ಕಾನೂನಿನ ಕಿರುಕುಳದಿಂದ ರಕ್ಷಿಸಲು ಕರ್ನಾಟಕ ರೂಪಿಸಿದ 2016ರ ಮಸೂದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಸದ್ಭಾವನೆಯಿಂದ ಮಗುವಿಗೆ ನೆರವಾಗುವ ಶಿಕ್ಷಕರಿಗೂ ಅಂಥದೇ ರಕ್ಷಣೆ ಸಿಗಬೇಕು.

ಜೊತೆಗೆ ವೈದ್ಯರು, ಪೋಷಕರು ಮತ್ತು ಮುಖ್ಯೋಪಾಧ್ಯಾಯರು ಸಹಿ ಮಾಡಿದ ಒಂದು ಪುಟದ ಆರೈಕೆ ಯೋಜನೆ, ಪ್ರತಿ ಶಾಲೆಯಲ್ಲಿ ತರಬೇತಾದ ಇಬ್ಬರು ಸಿಬ್ಬಂದಿ, ತರಗತಿಯಲ್ಲೇ ಗ್ಲೂಕೋಸ್: ಇವನ್ನು ಕಡ್ಡಾಯಗೊಳಿಸುವ ಆದೇಶಕ್ಕೆ ಬೊಕ್ಕಸದಿಂದ ಹೆಚ್ಚೇನೂ ಖರ್ಚಾಗದು. ಇನ್ಸುಲಿನ್ 1922ರಲ್ಲಿ ಮೊದಲು ಸಲ್ಲಿದ್ದು 14 ವರ್ಷದ ಬಾಲಕನಿಗೆ. ಮದ್ದು ಬಂದು ಶತಮಾನ ಕಳೆದಿದೆ. ಶಾಲೆಯಲ್ಲಿ ಅದನ್ನು ಕೊಡುವವರು ಯಾರೆಂದು ನಿರ್ಧರಿಸುವುದಕ್ಕೆ ಇನ್ನೂ ಕಾಯುವ ಅಗತ್ಯವಿಲ್ಲ.